ಹಾರ್ಟಲ್‌ಪೂಲಿನ ತೇಗದ ಹಡಗು

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಭಾವ, "ಬಾರೋ, ನಮ್ಮ ಬಾಂಬೆಯಲ್ಲಿ ಕಟ್ಟಿದ ಹಡಗು ತೋರಿಸ್ತೀನಿ" ಅಂದರು. ನಂಗೆ ಹಡಗಿನ ಹುಚ್ಚೇನೂ ಇಲ್ಲ, ಸುಮ್ನೆ ಹೊರಟೆ. ಸಂಡರ್‌ಲ್ಯಾಂಡ್ ದಾಟಿದ ಮೇಲೆ ರೈಲಿನ ಎಡಗಡೆ ಸಮುದ್ರ ಶುರುವಾಗುತ್ತದೆ, ಬೂದಿ ಬಣ್ಣದ್ದು. ನಾವು ಇಳಿದ ಹಾರ್ಟಲ್‌ಪೂಲ್ ಬಗ್ಗೆ ಒಂದು ಕಥೆ ಇದೆ: ನೆಪೋಲಿಯನ್ ಕಾಲದಲ್ಲಿ ಹಡಗೊಡೆದು ದಡ ಸೇರಿದ ಕೋತಿಯೊಂದನ್ನು ಫ್ರೆಂಚ್ ಗೂಢಚಾರ ಅಂದುಕೊಂಡು ಊರವರು ಗಲ್ಲಿಗೇರಿಸಿದರಂತೆ. ನಮ್ಮೂರಲ್ಲಾಗಿದ್ರೆ ಒಂದು ಗುಡಿ ಕಟ್ಟಿರುತ್ತಿದ್ದೆವು.

ಬ್ರಿಟಿಷ್ ನೌಕಾಪಡೆಯ ಆ ಹಳೇ ಹಡಗಿನ ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಶ್ರೀಲಂಕಾದ ಬಂದರಿನ ಹೆಸರು ಅದು. ಮೂತಿಯಲ್ಲಿ ಮುಂಡಾಸು ಸುತ್ತಿದ ಮನುಷ್ಯನ ಗೊಂಬೆ ಇದೆ. ಇದರ ನಕ್ಷೆಯನ್ನು ಮೊದಲು ಬಾಂಬೆಗೆ ಹೊತ್ತು ಹೊರಟಿದ್ದ ಜಾವಾ ಎಂಬ ಹಡಗು 1812ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ ಸುಟ್ಟುಹೋಯಿತು. ಮತ್ತೊಂದು ನಕ್ಷೆ ಬರುವ ತನಕ ಕೆಲಸ ನಿಂತಿತು. ಆಮೇಲೆ ಪಾರ್ಸಿ ಮೇಸ್ತ್ರಿ ಜಮ್ಶೆಟ್ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಲ್ಲಿ ಇದನ್ನು ಕಟ್ಟಿಸಿದರು. ತಳದ ದೊಡ್ಡ ಮರಕ್ಕೆ ಪಾರ್ಸಿ ಸಂಪ್ರದಾಯದಂತೆ ಬೆಳ್ಳಿ ಮೊಳೆ ಹೊಡೆದು ಶುರು ಮಾಡಿ, 1817ರ ಅಕ್ಟೋಬರ್ 12ಕ್ಕೆ ನೀರಿಗಿಳಿಸಿದರು.

ಒಳಗೆ ಇಳಿದ ಕೂಡಲೇ ತಲೆ ತೊಲೆಗೆ ಟಣ್ ಅಂತ ಬಡಿಯಿತು. ನಾವಿಕರು ಮಲಗುವ ಅಟ್ಟ ಅಷ್ಟು ತಗ್ಗು. ಒಬ್ಬೊಬ್ಬನ ಜೋಲಿಗೆ ಸಿಗುತ್ತಿದ್ದ ಜಾಗ 14 ಇಂಚು! ಹಣೆ ಉಜ್ಜಿಕೊಳ್ಳುತ್ತಲೇ ಆ ತೊಲೆ ಮುಟ್ಟಿ ನೋಡಿದೆ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಇವತ್ತಿಗೂ ಈ ಹಡಗು ತೇಲುತ್ತಿರುವುದಕ್ಕೆ ಆ ಮರವೇ ದೊಡ್ಡ ಕಾರಣ. ವಾಸನೆ ಬರುತ್ತಾ ಅಂತ ಮೂಗು ಕೂಡ ಹತ್ತಿರ ಒಯ್ದೆ. ಬಂದಿದ್ದು ಬಣ್ಣದ ವಾಸನೆ.

ನಂಗೆ ಇಷ್ಟವಾಗಿದ್ದು ಈ ಹಡಗಿಗಿದ್ದ ಇನ್ನೊಂದು ಹೆಸರಿನ ಗೊಂದಲ. 1758ರಲ್ಲಿ ಬ್ರಿಟಿಷರು ಫೂಡ್ರೊಯಾಂಟ್ ಎಂಬ ಫ್ರೆಂಚ್ ಹಡಗನ್ನು ಹಿಡಿದರು. ಆ ಹೆಸರಿಗೆ ಸಿಡಿಲಿನಂಥದ್ದು ಅಂತ ಅರ್ಥ. ಹೆಸರು ಎಷ್ಟು ಹಿಡಿಸಿತೆಂದರೆ, 1798ರಲ್ಲಿ ಪ್ಲಿಮತ್‌ನಲ್ಲಿ ನೀರಿಗಿಳಿಸಿದ ಹೊಸ ಹಡಗಿಗೂ ಅದನ್ನೇ ಇಟ್ಟರು. ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್ ಸ್ವಲ್ಪ ಕಾಲ ಬಾವುಟ ಹಾರಿಸಿದ್ದು ಈ ಎರಡನೆಯದರಲ್ಲಿ. 1892ರಲ್ಲಿ ಅದು ಜರ್ಮನ್ ಗುಜರಿಯವರ ಪಾಲಾಯಿತು. ಜನ ಗಲಾಟೆ ಮಾಡಿದರು. ಜೆಫ್ರಿ ವೀಟ್ಲಿ ಕಾಬ್ ಎಂಬಾತ ಕೈಯಿಂದ ದುಡ್ಡು ಹಾಕಿ ಬಿಡಿಸಿಕೊಂಡು, ರಿಪೇರಿ ಮಾಡಿಸಿ, ಊರೂರ ಬಂದರಿಗೆ ತೋರಿಸಲು ಒಯ್ದ. 1897ರ ಜೂನ್ 16ರಂದು ಬ್ಲ್ಯಾಕ್‌ಪೂಲ್‌ನಲ್ಲಿ ಗಾಳಿಗೆ ದಡಕ್ಕೆ ಬಡಿದು ಪುಡಿಯಾಯಿತು! ಅದರ ತಾಮ್ರ ಕರಗಿಸಿ ಪದಕ ಮಾಡಿ ಮಾರಿದರು.

ಬೇರೆಯವರಾಗಿದ್ರೆ ಕೈಮುಗಿದು ಸುಮ್ಮನಾಗುತ್ತಿದ್ದರು, ಅಲ್ವಾ? ಕಾಬ್ ಗುಜರಿಗೆ ಹೊರಟಿದ್ದ ಟ್ರಿಂಕೋಮಲಿಯನ್ನು ಕೊಂಡು, ಅದಕ್ಕೂ ಫೂಡ್ರೊಯಾಂಟ್ ಅಂತ ಹೆಸರಿಟ್ಟ. ಫಾಲ್ಮತ್, ಮಿಲ್ಫರ್ಡ್ ಹೇವನ್, ಪೋರ್ಟ್ಸ್‌ಮತ್ ಅಂತ ಅಲೆಯುತ್ತಾ ಅದರಲ್ಲಿ ಹುಡುಗರಿಗೆ ಹಡಗಿನ ಕೆಲಸ ಕಲಿಸಿದರು. ಸತ್ತ ಅಣ್ಣನ ಹೆಸರಲ್ಲಿ ತಮ್ಮನನ್ನು ಶಾಲೆಗೆ ಸೇರಿಸಿದ ಹಾಗೆ. ಹಾರ್ಟಲ್‌ಪೂಲಿಗೆ ತಂದಿದ್ದು 1987ರಲ್ಲಿ. ರಿಪೇರಿ ನಡೆಯುತ್ತಿದ್ದಾಗಲೇ, 1992ರಲ್ಲಿ ಸ್ವಂತ ಹೆಸರು ವಾಪಸ್ ಬಂತು. ಕೆಲಸ ಮುಗಿಯಲು 2001 ಆಯಿತು.

ಹೊರಗೆ ಬಂದು ಕಟ್ಟೆ ಮೇಲೆ ಕೂತು ಫಿಶ್ ಅಂಡ್ ಚಿಪ್ಸ್ ತಿಂದೆವು. ಗಾಳಿಗೆ ಕಾಗದ ಹಾರಿ, ಭಾವನ ಕೋಟಿನ ತುಂಬಾ ವಿನೆಗರ್. ನಾನು ತೊಲೆಯ ಫೋಟೋ ಅಪ್ಪನಿಗೆ ಕಳಿಸಿ, "ಇನ್ನೂರು ವರ್ಷದ ತೇಗ" ಅಂತ ಬರೆದೆ. ಅಪ್ಪ ಮನೆ ಬಾಗಿಲಿಗೆ ಮರ ಹುಡುಕಲು ಮೂರು ತಿಂಗಳು ತಿರುಗಿದ ಮನುಷ್ಯ. ಉತ್ತರ ಬಂದಿದ್ದು ಎರಡೇ ಮಾತು: "ಚೆನ್ನಾಗಿ ಒಣಗಿಸಿದ್ದಾರೆ. ರೇಟೆಷ್ಟು?"