ಹಿತ್ತಲ ಕೊಳದ ಹುಳುಗಳು, ಮನೆಯೊಳಗಿನ ಗಾಜಿನ ತೊಟ್ಟಿ

ಹಿತ್ತಲಲ್ಲಿ ಕೊಳ ಅಂದ ಕೂಡಲೇ ಮನೆಯವರು ಮೊದಲು ಕೇಳುವುದು ಸೊಳ್ಳೆಯ ಬಗ್ಗೆ. ನ್ಯಾಯವಾದ ಪ್ರಶ್ನೆಯೇ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಕ್ಕಿಂತ ಹೂಕುಂಡದ ಅಡಿತಟ್ಟೆ, ಮೂಲೆಗೆ ಬಿದ್ದ ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು ಹೆಚ್ಚು ಇಷ್ಟ. ಅಲ್ಲಿ ಅದರ ಮರಿಗಳನ್ನು ತಿನ್ನುವವರು ಯಾರೂ ಇರುವುದಿಲ್ಲ. ಕೊಳದಲ್ಲಿ ಸೊಳ್ಳೆ ಹೆಚ್ಚಾಯಿತು ಅಂದರೆ ತಿನ್ನುವ ಹುಳುಗಳು ಇನ್ನೂ ಬಂದಿಲ್ಲ, ಇಲ್ಲವೇ ಬಂದವನ್ನು ನಾವೇ ತೊಳೆದು ಹಾಕಿದ್ದೇವೆ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಡುವೆ ಒಂದೂವರೆ ಅಡಿ ಆಳ ಇದ್ದರೆ ಮನೆಯ ಹಿತ್ತಲಿಗೆ ಸಾಕು. ಹೆಚ್ಚೆಂದರೆ ಸಾವಿರ ಲೀಟರ್ ನೀರು ಹಿಡಿಯುತ್ತದೆ. ಒಂದು ಬದಿ ಮಾತ್ರ ಇಳಿಜಾರಾಗಿ ಅಂಚಿನವರೆಗೂ ಬರಬೇಕು. ನಾಲ್ಕೂ ಕಡೆ ನೆಟ್ಟಗೆ ಗೋಡೆ ಎಬ್ಬಿಸಿದರೆ ಆಗತಾನೆ ಕಾಲು ಮೂಡಿದ ಕಪ್ಪೆಮರಿಗಳು ಮೇಲೆ ಹತ್ತಲಾಗದೆ ಮುಳುಗಿ ಸಾಯುತ್ತವೆ, ಓತಿಕೇತ ಅಳಿಲುಗಳೂ ಬಿದ್ದರೆ ಹೊರಬರುವುದಿಲ್ಲ. ಗುಂಡಿಗೆ ಎರಡು ಇಂಚು ಮರಳು ಹರಡಿ, ಅದರ ಮೇಲೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಹಾಸಿ. ಹಾಳೆಯ ಅಳತೆಗೆ ಉದ್ದ, ಅಗಲ ಎರಡಕ್ಕೂ ಆಳದ ಎರಡರಷ್ಟು ಮತ್ತು ಅಂಚಿಗೆ ಎರಡಡಿ ಸೇರಿಸಿ. ಈ ಲೆಕ್ಕಕ್ಕೆ ಹನ್ನೊಂದು ಅಡಿಗೆ ಒಂಬತ್ತು ಅಡಿ ಬೇಕು.

ಸಿಮೆಂಟಿನಲ್ಲೇ ಕಟ್ಟಿಸುವುದಾದರೆ ಅವಸರ ಬೇಡ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಟ್ಟುಕೊಂಡು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಹತ್ತು ದಾಟುತ್ತದೆ, ಬಿಟ್ಟ ಜೀವ ಉಳಿಯುವುದಿಲ್ಲ. ಬಾಳೆದಿಂಡನ್ನು ಕತ್ತರಿಸಿ ನೀರಲ್ಲಿ ಹಾಕಿ ವಾರ ಬಿಟ್ಟು ಚೆಲ್ಲುವುದು ನಮ್ಮ ಕಡೆ ರೂಢಿ. ಎರಡು ಮೂರು ಸಲ ಹೀಗೆ ಮಾಡಿ, ಪಿಎಚ್ ಎಂಟರ ಆಸುಪಾಸಿಗೆ ಇಳಿದ ಮೇಲೆ ಗಿಡ ನೆಡಿ. ನಲ್ಲಿ ನೀರು ತುಂಬಿಸಿದರೆ ಕ್ಲೋರಿನ್ ಹೋಗಲು ಒಂದೆರಡು ದಿನ ಬಿಸಿಲಿಗೆ ಬಿಡಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಿಡಗಳಲ್ಲಿ ಮೂರು ಬಗೆ ಇರಲಿ. ನೀರೊಳಗೆ ಹೈಡ್ರಿಲ್ಲಾ ಅಥವಾ ವ್ಯಾಲಿಸ್ನೇರಿಯಾ, ಮೇಲೆ ಎಲೆ ಹರಡುವ ನೈದಿಲೆ, ಅಂಚಿನಲ್ಲಿ ಬಜೆ ಅಥವಾ ಜೊಂಡು. ನೀರಿನಿಂದ ಅಡಿಯಷ್ಟು ಮೇಲೆದ್ದ ಕಡ್ಡಿ ಇಲ್ಲದಿದ್ದರೆ ನೀರಲ್ಲೇ ಬೆಳೆದು ಸೊಳ್ಳೆ ಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಮರಿಗೆ ಪೊರೆ ಕಳಚಲು ಜಾಗವಿಲ್ಲ. ಒಂದನ್ನು ಮಾತ್ರ ಹಾಕಬೇಡಿ: ಅಂತರಗಂಗೆ. ನೋಡಲು ಚೆಂದವೇ. ಆದರೆ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಅದರ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತವೆ. ಉಸಿರಿಗಾಗಿ ಮೇಲಕ್ಕೆ ಬರುವುದೇ ಇಲ್ಲವಾದ್ದರಿಂದ ಮೀನಿಗೂ ಸಿಗುವುದಿಲ್ಲ, ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಮೊದಲ ಎರಡು ತಿಂಗಳು ಮೀನು ಬಿಡಬೇಡಿ. ಹೇಳಿದರೆ ಯಾರೂ ಕೇಳದ ಮಾತು ಇದು, ಆದರೂ ಎಲ್ಲಕ್ಕಿಂತ ಮುಖ್ಯ. ನೀರು ನಿಂತ ಕೆಲವೇ ದಿನಗಳಲ್ಲಿ ಸೊಳ್ಳೆ ಮರಿ ತಿನ್ನುವ, ಅಂಗಾತವಾಗಿ ಈಜುವ ನೀರುತಿಗಣೆಗಳು, ಮುಳುಗು ಜೀರುಂಡೆಗಳು ಹಾರಿ ಬರುತ್ತವೆ; ಮೀನಿದ್ದರೆ ಅವನ್ನು ನೆಲೆಯೂರಲು ಬಿಡುವುದಿಲ್ಲ. ಅವು ನೆಲೆಯಾಗುವ ಮೊದಲು ಸೊಳ್ಳೆಗೆ ಒಂದೆರಡು ವಾರದ ಬಿಡುವು ಸಿಗುತ್ತದೆ. ಬಿಸಿಲಿನ ದಿನಗಳಲ್ಲಿ ಅದಕ್ಕೆ ಮೊಟ್ಟೆಯಿಂದ ರೆಕ್ಕೆಯವರೆಗೆ ಎಂಟು ಹತ್ತು ದಿನ ಸಾಕು. ಆ ಅವಧಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆಯನ್ನು ಪೊಟ್ಟಣದ ಮೇಲಿನ ಅಳತೆಗೆ ಸರಿಯಾಗಿ ಹಾಕಿ. ಅದು ಸೊಳ್ಳೆ ಮರಿಯನ್ನು ಕೊಲ್ಲುತ್ತದೆ, ಗೊದಮೊಟ್ಟೆಗಾಗಲಿ ಏರೋಪ್ಲೇನ್ ಚಿಟ್ಟೆಯ ಮರಿಗಾಗಲಿ ತೊಂದರೆ ಮಾಡುವುದಿಲ್ಲ. ಸೀಮೆಎಣ್ಣೆ ಸುರಿಯುವ ಹಳೇ ಪದ್ಧತಿ ಬೇಡವೇ ಬೇಡ. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ತಿಗಣೆ, ಜೀರುಂಡೆ ಎಲ್ಲ ಸತ್ತು, ಎಣ್ಣೆ ಆರಿದ ಮೇಲೆ ಮೊದಲು ಮರಳಿ ಬರುವುದು ಸೊಳ್ಳೆಯೇ.

ಏರೋಪ್ಲೇನ್ ಚಿಟ್ಟೆಗಳಲ್ಲಿ ಊರಿನ ಕೊಳಕ್ಕೆ ಬೇಗ ಬರುವವು ಎರಡು. ಒಂದು ಬೂದು ಮೈಮೇಲೆ ಕಪ್ಪು ಚುಕ್ಕೆಯಿದ್ದು ಕಾಂಪೌಂಡ್ ಗೋಡೆಗೆ ಅಂಟಿದಂತೆ ಕೂರುವ ಬ್ರಾಡಿನೋಪೈಗಾ. ಹಾರುವ ತನಕ ಅದು ಅಲ್ಲಿದೆ ಎಂದೇ ಗೊತ್ತಾಗದು. ಸಿಮೆಂಟ್ ತೊಟ್ಟಿಯಲ್ಲೂ ಧಾರಾಳವಾಗಿ ಮೊಟ್ಟೆಯಿಡುತ್ತದೆ. ಇನ್ನೊಂದು ಮಳೆಗಾಲದಲ್ಲಿ ಬಯಲ ಮೇಲೆ ಗುಂಪಾಗಿ ಸುತ್ತುವ ಹಳದಿ ಪ್ಯಾಂಟಾಲಾ. ಇದು ಭಾರತದಿಂದ ಮಾಲ್ಡೀವ್ಸ್ ಮೇಲಾಗಿ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ಬರೆದರು. ಅಂಥ ಪಯಣಿಗನ ಮರಿ ನಮ್ಮ ಹಿತ್ತಲ ನೀರಿನಲ್ಲಿ ಬೆಳೆಯಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ತಿಂಗಳಿಗೊಮ್ಮೆ ಕೊಳ ಖಾಲಿ ಮಾಡಿ ಉಜ್ಜುವವರ ಮನೆಯಲ್ಲಿ ಅದು ಒಮ್ಮೆಯೂ ರೆಕ್ಕೆ ಬಿಚ್ಚುವುದಿಲ್ಲ. ತೆಗೆಯಲೇಬೇಕಾದರೆ ಮೂರರಲ್ಲೊಂದು ಪಾಲು ಕೆಸರು, ಪಾಚಿ ಮಾತ್ರ ತೆಗೆದು ಒಂದು ದಿನ ಕೊಳದಂಚಿನಲ್ಲೇ ನೀರು ತುಂಬಿದ ಟಬ್ಬಿನಲ್ಲಿಡಿ. ಅದರಲ್ಲಿ ಸಿಕ್ಕಿಕೊಂಡ ಜೀವಗಳನ್ನು ಸೋಸಿ ಮತ್ತೆ ಕೊಳಕ್ಕೆ ಬಿಡಿ.

ಬೆನ್ನ ತುಂಬ ಮೊಟ್ಟೆ ಹೊತ್ತು ತಿರುಗುವ ಕಂದು ತಿಗಣೆ ಕಂಡರೆ ಅದು ಡಿಪ್ಲೊನೈಕಸ್, ಹೊತ್ತಿರುವುದು ಗಂಡು. ಸೊಳ್ಳೆ ಮರಿ, ಬಸವನಹುಳು ಎರಡನ್ನೂ ತಿನ್ನುತ್ತದೆ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ. ಕಚ್ಚಿದರೆ ಚೆನ್ನಾಗಿ ಉರಿಯುತ್ತದೆ. ಮಳೆಗಾಲದಲ್ಲಿ ತೊಟ್ಟಿಯ ಗೋಡೆಗೆ ಸೋಪಿನ ನೊರೆಯಂಥ ಬಿಳಿ ಉಂಡೆ ಅಂಟಿದ್ದರೆ ತೊಳೆಯಬೇಡಿ, ಅದು ಮರಗಪ್ಪೆಯ ಗೂಡು. ಕೆಲವು ದಿನದಲ್ಲಿ ಗೊದಮೊಟ್ಟೆಗಳು ಅದರಿಂದ ಕೆಳಗಿನ ನೀರಿಗೆ ಉದುರುತ್ತವೆ. ಗಿಡಗಳಿಗೆ ಸುತ್ತಿಕೊಂಡ ಕಪ್ಪು ಮಣಿಸರದಂಥ ಎಳೆ ನೆಲಗಪ್ಪೆಯದು.

ಎರಡು ತಿಂಗಳ ಮೇಲೆ ಮೀನು ಬೇಕೆನಿಸಿದರೆ ನಮ್ಮ ಕೆರೆತೊರೆಗಳದೇ ಪ್ಯಾಂಚಾಕ್ಸ್ ಐದಾರು ಸಾಕು. ನೀರಿನ ಮೇಲ್ಪದರದಲ್ಲೇ ಇರುತ್ತದೆ, ತಲೆಯ ಮೇಲೆ ಹೊಳೆಯುವ ಚುಕ್ಕೆ ಗುರುತು. ಗ್ಯಾಂಬೂಸಿಯಾ ಬೇಡ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಹೊರಗಿನಿಂದ ಭಾರತಕ್ಕೆ ತಂದ ಈ ಮೀನು ಗೊದಮೊಟ್ಟೆ, ಬೇರೆ ಮೀನಿನ ಮರಿ, ಏರೋಪ್ಲೇನ್ ಚಿಟ್ಟೆಯ ಮರಿ ಯಾವುದನ್ನೂ ಬಿಡುವುದಿಲ್ಲ.

ಇನ್ನು ಮನೆಯೊಳಗಿನ ಗಾಜಿನ ತೊಟ್ಟಿ. ಕೊಳದಲ್ಲಿ ಕಾವಲಿಗಿದ್ದ ಹುಳುವೇ ಇಲ್ಲಿ ಕೊಲೆಗಾರ. ಗಪ್ಪಿ ಮರಿಗಳು ದಿನಕ್ಕೊಂದೆರಡು ಕಡಿಮೆಯಾಗುತ್ತಾ ಹೋದರೆ, ಚೆರ್ರಿ ಸೀಗಡಿ ಕಾಣೆಯಾದರೆ, ರಾತ್ರಿ ದೀಪ ಆರಿಸಿ ಒಂದು ಗಂಟೆಯ ಮೇಲೆ ಟಾರ್ಚ್ ಹಾಕಿ ನೋಡಿ. ಕಡ್ಡಿಯಂಥ ತೆಳು ಮೈ, ಬಾಲದಲ್ಲಿ ಎಲೆಯಾಕಾರದ ಮೂರು ಪಟ್ಟಿ ಇದ್ದರೆ ಅದು ಏರೋಪ್ಲೇನ್ ಚಿಟ್ಟೆಯ ತೆಳು ಮೈಯ ಸೋದರ ಡ್ಯಾಮ್ಸೆಲ್‌ಫ್ಲೈಯ ಮರಿ. ಹಿಡಿದು ಕೊಳಕ್ಕೆ ಬಿಡಿ. ಮೂರು ಬಾಲವೂ ನೂಲಿನಂತೆ ತೆಳ್ಳಗಿದ್ದು ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲ್ಲಾಡುತ್ತಿದ್ದರೆ ಅದು ಮೇಫ್ಲೈ ಮರಿ, ಪಾಚಿ ತಿನ್ನುವ ಸಾಧು. ಗಾಜಿನ ಮೇಲೆ ಜಾರುವ, ತ್ರಿಕೋನ ತಲೆಯ ಬಿಳಿ ಹುಳು ಪ್ಲನೇರಿಯಾ. ಅದನ್ನು ಉಗುರಿನಿಂದ ಒರೆಸಿ ತುಂಡು ಮಾಡಬೇಡಿ, ಒಂದೊಂದು ತುಂಡೂ ಒಂದೊಂದು ಹುಳುವಾಗುತ್ತದೆ. ಅದು ಹೆಚ್ಚುವುದು ಉಳಿದ ಮೇವಿನಿಂದ. ಮೇವು ಅರ್ಧಕ್ಕಿಳಿಸಿ, ತಳದ ಮಣ್ಣನ್ನು ಕೊಳವೆಯಿಂದ ಎಳೆದು (ಸೈಫನ್ ಮಾಡಿ) ತೆಗೆಯಿರಿ.

ಇವೆಲ್ಲ ಒಳಬರುವ ದಾರಿ ಬಹುಪಾಲು ಗಿಡ. ಡ್ಯಾಮ್ಸೆಲ್‌ಫ್ಲೈ ಮೊಟ್ಟೆಯನ್ನು ಕಾಂಡದೊಳಗೇ ಚುಚ್ಚಿ ಇಡುವುದರಿಂದ ತೊಳೆದರೆ ಹೋಗದು. ಹತ್ತು ಲೀಟರ್ ನೀರಿಗೆ 0.1 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬೆರೆಸಿ ಗಿಡವನ್ನು ಹತ್ತು ನಿಮಿಷ ಅದ್ದಿ. ಮೇಲೆ ಅಂಟಿದ ಹುಳು, ಜಿಗಣೆ ಅದರಿಂದ ಬಹುತೇಕ ಹೋಗುತ್ತವೆ. ಆಮೇಲೆ ಗಿಡವನ್ನು ಬೇರೆ ಬಕೆಟ್ಟಿನಲ್ಲಿ ಮೂರು ವಾರ ಇಟ್ಟು, ಕಾಂಡದೊಳಗಿನ ಮೊಟ್ಟೆ ಒಡೆದು ಬಂದ ಮರಿಗಳನ್ನು ಆರಿಸಿ ತೆಗೆಯಿರಿ. ಬಕೆಟ್ಟಿಗೆ ಸೊಳ್ಳೆಪರದೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ.

ಆದರೆ ತೊಟ್ಟಿಯಲ್ಲಿ ನಾವು ಸಾಕಿದ್ದು ಯಾವುದೂ ಕೊಳಕ್ಕೆ ಹೋಗಬಾರದು. ದೊಡ್ಡದಾಯಿತೆಂದು ಸಕ್ಕರ್ ಮೀನು, ಕೆಂಪುಕಿವಿಯ ಆಮೆ ಇವುಗಳನ್ನು ಕೊಳಕ್ಕೆ ಬಿಟ್ಟರೆ ಮಳೆಯಲ್ಲಿ ಕೊಳ ಉಕ್ಕಿ ಚರಂಡಿ, ಅಲ್ಲಿಂದ ಕೆರೆ ಸೇರುತ್ತವೆ. ಬೇಡವಾದರೆ ಸಾಕುವವರಿಗೆ ಕೊಡಿ.

ಕೊಳ ಚೆನ್ನಾಗಿದ್ದರೆ ನೀರೊಳ್ಳೆ ಹಾವು ಬಂದೇ ಬರುತ್ತದೆ. ವಿಷವಿಲ್ಲ, ಆದರೆ ಕೆಣಕಿದರೆ ಕಚ್ಚುತ್ತದೆ. ಮಕ್ಕಳಿರುವ ಮನೆಯಲ್ಲಿ ಕೊಳದ ಮೇಲೆ ನೈಲಾನ್ ಬಲೆ ಹರಡಬೇಡಿ; ಅದು ಮಗುವಿನ ಭಾರ ತಡೆಯದು, ಹಾವು ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗದೆ ಸಾಯುತ್ತದೆ. ಎರಡು ಇಂಚು ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿಯನ್ನು ಚೌಕಟ್ಟಿಗೆ ಬೆಸೆಸಿ, ನೀರಿನಿಂದ ನಾಲ್ಕು ಇಂಚು ಮೇಲೆ ಕೂರಿಸಿ. ಅಷ್ಟು ಕಿಂಡಿಯಲ್ಲಿ ಕಪ್ಪೆ, ಹಾವು, ಚಿಟ್ಟೆ ಎಲ್ಲ ಓಡಾಡುತ್ತವೆ, ಬಜೆಯೂ ಮೇಲೆ ಬೆಳೆಯುತ್ತದೆ.