ತಲೆಕೆಳಗಾದ ತೇರು

ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬರು ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಂತ ಗುಳೇದಗುಡ್ಡದ ಖಣ ತಂದುಕೊಟ್ಟರು. ಮೈತುಂಬ ತೇರಿನ ಚಿತ್ತಾರ. ಅಳತೆಗೆ ಮಗಳ ಹಳೇ ಬ್ಲೌಸ್.

ಎರಡೂ ತೋಳು ಒಂದೇ ಸಲ ಕತ್ತರಿಸಿದರೆ ಟೈಮ್ ಉಳಿಯುತ್ತದೆ, ಅಲ್ವಾ? ಬಟ್ಟೆಯ ಕೆಳತುದಿಯನ್ನು ಮೇಲಕ್ಕೆ ಮಡಚಿ ಕತ್ತರಿ ಹಾಕಿದೆ. ಚುಕ್ಕಿ ಬಟ್ಟೆಗೆ ಹೀಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ತೇರಿಗೆ ಮೇಲು ಕೆಳಗು ಇದೆ. ಒಂದು ಪದರದ ತೇರು ನೆಟ್ಟಗೆ, ಇನ್ನೊಂದರದು ತಲೆಕೆಳಗು. ಉದ್ದಕ್ಕೆ, ದಡಿಗೆ ದಡಿ ಕೂಡಿಸಿ ಮಡಚಿದ್ದರೆ ಎರಡೂ ನೆಟ್ಟಗೆ ಬರುತ್ತಿದ್ದವು. ಹೊಲಿದು, ಹುಕ್ಸ್ ಹಾಕಿ, ಇಸ್ತ್ರಿ ಮಾಡಿದ ಮೇಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅವರು ಕೈಗೆತ್ತಿಕೊಂಡ ಕೂಡಲೇ ಕಂಡುಹಿಡಿದರು.

“ಏನ್ ತಂಗಿ, ಈ ತೋಳಿನ್ಯಾಗ ತೇರು ತಲಿಕೆಳಗ ಆಗೇತಲ್ಲ!”

ಅದೂ ಸಾಲದು ಅಂತ ಬ್ಲೌಸ್ ಮಗಳಿಗೆ ಏರಲೇ ಇಲ್ಲ. ಏಳು ತಿಂಗಳ ಬಸುರಿ. ನಾನು ಅಳತೆ ತೆಗೆದದ್ದು ಮದುವೆಗೂ ಮುಂಚಿನ ಬ್ಲೌಸಿನಿಂದ. ಕುಬಸ ಅಂದಾಗಲೇ ಹೊಳೆಯಬೇಕಿತ್ತು.

ಹೊಸ ಖಣ ನನ್ನ ದುಡ್ಡಲ್ಲೇ ತಂದೆ. ತಂದು ಪಕ್ಕಕ್ಕಿಟ್ಟೆ. ಮಗಳ ಮೈ ಅಳತೆ ತೆಗೆದುಕೊಂಡೆ. ಕಾಟನ್ ಲೈನಿಂಗ್ ನೆನೆಸಿ, ಒಣಗಿಸಿ, ಮೊದಲು ಅದನ್ನೇ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿದೆ. ಮಷಿನ್‌ನಲ್ಲಿ ಹೊಲಿಗೆ ಉದ್ದ ಇಟ್ಟರೆ ದಾರ ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತದೆ. ತೊಡಿಸಿ ನೋಡಿದರೆ ಕಂಕುಳು ಬಿಗಿ, ಭುಜ ಜಾರುತ್ತಿತ್ತು. ಬಿಚ್ಚಿದೆ, ಚಾಕ್‌ನಲ್ಲಿ ಗೀಟು ಹಾಕಿದೆ, ಮತ್ತೆ ಹೊಲಿದೆ. ಮೂರನೇ ಸಲಕ್ಕೆ ಸರಿ ಕೂತಿತು. ಆಮೇಲೆ ಆ ಲೈನಿಂಗನ್ನೇ ಬಿಚ್ಚಿ ಖಣದ ಮೇಲಿಟ್ಟು ಕತ್ತರಿಸಿದೆ. ಎರಡೂ ಪಕ್ಕ ಒಳಗೆ ಒಂದೊಂದು ಇಂಚು ಜಾಸ್ತಿ ಬಿಟ್ಟೆ. ರೇಷ್ಮೆ ಎಳೆಯ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿ ತೂತು ಹಾಗೇ ಕಾಣುತ್ತದೆ. ಲೈನಿಂಗ್‌ನಲ್ಲಿ ಎಷ್ಟು ಸಲ ತಪ್ಪಿದರೂ ಹೋಗುವುದು ಒಂದಿಷ್ಟು ದಾರ.

ಎಲ್ಲ ಬ್ಲೌಸಿಗೂ ಹೀಗೆ ಮಾಡುತ್ತೇನೆ ಅಂದರೆ ಸುಳ್ಳಾಗುತ್ತದೆ. ದಿನಬಳಕೆಯ ಬ್ಲೌಸಿಗೆ ನನಗೂ ಪುರಸೊತ್ತಿಲ್ಲ, ಗಿರಾಕಿಗೂ ಇಲ್ಲ. ಆದರೆ ಖಣ ಬಂದರೆ ಮಡಚುವ ಮುಂಚೆಯೇ ಹಿಂಬದಿಗೆ ಚಾಕ್‌ನಲ್ಲಿ ಮೇಲ್ಮುಖ ಬಾಣ ಬರೆಯುತ್ತೇನೆ.

ಹೆರಿಗೆಯಾಗಿ ಕೆಲವು ತಿಂಗಳಿಗೆ ಅದೇ ಬ್ಲೌಸ್ ವಾಪಸ್ ಬಂತು, ಸಣ್ಣ ಮಾಡುವುದಕ್ಕೆ. ತಾಯಿ ಮತ್ತೆ ಒಂದು ಅಳತೆ ಬ್ಲೌಸ್ ಹಿಡಿದು ಬಂದಿದ್ದರು. ಅದನ್ನು ಹಾಗೇ ವಾಪಸ್ ಕೊಟ್ಟು, “ಮಗಳನ್ನೇ ಕರ್ಕೊಂಡು ಬರ್ರಿ” ಅಂದೆ.