"ಮಾಮಾ, ಕೈಯಾಗ ಖಾರ ಹೊಂಟೈತಿ"

ಹುಬ್ಬಳ್ಳ್ಯಾಗ ಓಟಿ (ಆಪರೇಷನ್ ಥಿಯೇಟರ್) ಒಳಗ ಅನಸ್ತೇಶಿಯಾ ಟೆಕ್ನಿಶಿಯನ್ ಆಗಿ ಒಂಬತ್ತು ವರ್ಷಾತ್ರಿ. ಆಪರೇಷನ್‌ಗೆ ಔಷಧ ಕೊಟ್ಟು ಮಲಗಿಸೂಮುಂದ ಕೂಸುಗಳು ಅಳೋದು ಅಂಜಿಕಿಗೆ ಅಂತನ ತಿಳಕೊಂಡಿದ್ದೆ, ಬ್ಯಾಡಗಿ ಕಡೆ ಹುಡುಗ ಒಬ್ಬ ಬರೂತನಕ.

ಎಂಟು ವರ್ಷದಾಂವ, ಟಾನ್ಸಿಲ್ ಆಪರೇಷನ್. ಅಪ್ಪ ಮೆಣಸಿನಕಾಯಿ ಮಾರ್ಕೆಟ್‌ನಾಗ ಹಮಾಲಿ. ವಾರ್ಡ್‌ನಾಗ ಮರಗಟ್ಟಿಸೋ ಕ್ರೀಮ್ ಹಚ್ಚಿ ಮ್ಯಾಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಒಂದು ತಾಸು ಬಿಟ್ಟಿದ್ರು, ಹಂಗಾಗಿ ಕೈ ಹಿಂಬದಿಗೆ ಕ್ಯಾನುಲಾ (ಔಷಧ ಬಿಡೋ ಸಣ್ಣ ನಳಗಿ) ಹಾಕಿದಾಗ ಹುಡುಗ ಪಿಟ್ ಅನ್ಲಿಲ್ಲ, ನಾನೂ ಭಾಳ ಶಾಣ್ಯಾನಂಗ "ಮುಗೀತಪಾ, ಇನ್ನ ಏನೂ ನೋವಾಗಂಗಿಲ್ಲ" ಅಂದ್ಬಿಟ್ಟೆ. ಮಲಗಿಸೋ ಔಷಧ ಪ್ರೊಪೊಫಾಲ್ ಎರಡು ಎಂಎಲ್ ಹೋಗಿತ್ತೋ ಇಲ್ಲೋ, ಚಿಟ್ಟನ ಚೀರಿ ಕೈ ಜಗ್ಗಿದ. ಕ್ಯಾನುಲಾ ಅರ್ಧ ಹೊರಗ. ಹಸಿರು ಬಟ್ಟಿ ಮ್ಯಾಲೆ ಹಾಲಿನಂಥ ಬಿಳಿ ಹನಿ, ಅದರ ಬಾಜೂಕ ರಕ್ತ. "ಮಾಮಾ, ಕೈಯಾಗ ಖಾರ ಹೊಂಟೈತಿ" ಅಂತ ಒಂದ ಸಮನ ಅಳಾಕತ್ತಿದ. (ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ, ಇದು ಗುಂಟೂರದ್ದ ಇರಬೇಕು.) ಕಡೀಕ ಮಾಸ್ಕ್ ಇಟ್ಟು ಗ್ಯಾಸ್ ಕೊಟ್ಟು ಮಲಗಿಸಿದ್ವಿ. ಸಂಜಿಕ ವಾರ್ಡಿಗೆ ಮಾತಾಡ್ಸಾಕ ಹೋದ್ರ ಮಾರಿ ತಿರುವಿ ಮಲಗಿದ, ಸುಳ್ಳು ಹೇಳ್ದಾಂವ ನಾನ ಅಲ್ಲೇನ್ರಿ.

ಆಮ್ಯಾಲೆ ನಮ್ಮ ಅನಸ್ತೇಶಿಯಾ ಡಾಕ್ಟರ್ ಮೇಡಮ್ ತಿಳಿಸಿ ಹೇಳಿದ್ರು. ಕ್ರೀಮ್ ಕೆಲಸ ಮಾಡೋದು ಚರ್ಮಕ್ಕ, ಅಂದ್ರ ಸೂಜಿ ನೋವಿಗೆ. ಪ್ರೊಪೊಫಾಲ್ ಫೀನಾಲ್ ಅನ್ನೋ ಉರಿಸೋ ಕೆಮಿಕಲ್ ಜಾತಿದು, ಸೋಯಾ ಎಣ್ಣಿ, ನೀರು ಕೂಡಿಸಿ ಕದಡಿರ್ತಾರ, ಆದ್ರ ಎಣ್ಣಿ ಬಿಟ್ಟು ನೀರಿನ ಭಾಗದಾಗ ಉಳಿಯೋ ಔಷಧ ನರದ (ರಕ್ತನಾಳದ) ಒಳಗೋಡಿಗೆ ತಾಗಿ ಉರಿಸ್ತೈತಿ. ಕೈ ಹಿಂಬದಿ ನರ ಸಣ್ಣದು, ರಕ್ತ ಕಡಿಮಿ, ಉರಿ ಜಾಸ್ತಿ. ಮೊಣಕೈ ಒಳಮಡಿಕಿ ನರ ದೊಡ್ಡದು, ಔಷಧ ಹೋದಕೂಡ್ಲೆ ರಕ್ತದಾಗ ಬೆರೀತೈತಿ.

ಈಗ ಆದಷ್ಟು ಮೊಣಕೈದಾಗ ನೋಡ್ತೀವಿ, ಆದ್ರ ಕೂಸು ಕೈ ಮಡಚಿದ್ರ ಕ್ಯಾನುಲಾದಾಗ ಔಷಧ ಹೋಗೋದು ನಿಂದರ್ತೈತಿ, ಅದೊಂದು ತಲಿನೋವು. ಕೈ ಹಿಂಬದಿನ ಸಿಕ್ರ ಮ್ಯಾಲೆ ರಬ್ಬರ್ ಬ್ಯಾಂಡ್ ಕಟ್ಟಿ ತೂಕದ ಲೆಕ್ಕದಾಗ ಲಿಗ್ನೊಕೇನ್ (ಮರಗಟ್ಟಿಸೋ ಔಷಧ) ಬಿಟ್ಟು ಒಂದು ನಿಮಿಷ ತಡದು, ಬ್ಯಾಂಡ್ ಬಿಚ್ಚಿ ಆಮ್ಯಾಲೆ ಪ್ರೊಪೊಫಾಲ್. ಅಷ್ಟು ತಡಿಯೂದಿಲ್ಲ ಅನ್ನೋ ಹುಡುಗರಿಗೆ 20 ಎಂಎಲ್ ಪ್ರೊಪೊಫಾಲ್‌ನಾಗ 2% ಲಿಗ್ನೊಕೇನ್ 1 ಎಂಎಲ್ ಬೆರಸ್ತೀವಿ, ಅದೂ ಕೊಡೂಮುಂದನ ಬೆರಸ್ಬೇಕು, ಮುಂಜಾನೆ ಕಲಿಸಿ ಇಟ್ರ ಎಣ್ಣಿ ಒಡೀತೈತಿ. ಡೋಸ್ ಎಲ್ಲಾ ಮೇಡಮ್ ಲೆಕ್ಕ, ನಂದು ಸಿರಿಂಜ್ ತುಂಬೋದಷ್ಟ. ಮೂರು ವರ್ಷದ ಒಳಗಿನ ಕೂಸು ಹಠ ಹಿಡಿದ್ರ ಸೀದಾ ಗ್ಯಾಸ್‌ನಾಗ ಮಲಗಿಸಿ ಆಮ್ಯಾಲೆ ನರ ಹುಡುಕೋದ ಛಲೋ ಅನ್ನಿಸ್ತೈತಿ ನಂಗ.

ಮಾತೂ ಬದಲಿಸೀನಿ. "ಜರಾ ಬೆಚ್ಚಗಾಕ್ಕೈತಿ, ಹತ್ತು ಎಣಸು" ಅಂತೀನಿ, ನೋವ ಇಲ್ಲ ಅನ್ನಂಗಿಲ್ಲ.

ಇನ್ನ ಕ್ರೀಮಿಂದೊಂದು ಉಳದೈತಿ. ಒಂದು ತಾಸು ಬೇಕ ಬೇಕು, ಆದ್ರ ಆಪರೇಷನ್ ಲಿಸ್ಟ್ ಮುಂದ ಹಿಂದ ಆಗಿ ಎಷ್ಟೋ ಸಲ ಹದಿನೈದು ನಿಮಿಷದ ಹಿಂದ ಹಚ್ಚಿ ಕಳಸ್ತಾರ. ಅದಕ್ಕ ಮುಂಜಾನೆ ಏಳಕ್ಕ ನಾನ ವಾರ್ಡಿಗೆ ಫೋನ್ ಹಚ್ತೀನಿ. ಈಗ ಸಿಸ್ಟರ್‌ಗೋಳು ಹಲೋ ಸುದ್ಧಾ ಅನ್ನಂಗಿಲ್ಲ, "ಹಚ್ಚೇವ್ರಿ, ಎರಡೂ ಕೈಗೆ ಹಚ್ಚೇವಿ" ಅಂತ ಫೋನ್ ಇಟ್ಟಬಿಡ್ತಾರ.